ಆಯಿಯ ಬೆನ್ನಿಗೆ ಹಚ್ಚಿದ ಕುಂಕುಮ

ಕೊಪ್ಪಳದಿಂದ ಕುಷ್ಟಗಿಗೆ ಹೋಗುವ ದಾರಿಯಲ್ಲಿ, ಎರೆ ಹೊಲಗಳ ನಡುವೆ, ಕಿಟಕಿಗಳೇ ಇಲ್ಲದ ಒಂದು ಬಿಳಿ ಕಟ್ಟಡ ನಿಂತಿದೆ. ಸುತ್ತಲಿನ ಊರಿನವರು ಅದಕ್ಕೆ ಚಿಪ್ ಕಂಪನಿ ಅನ್ನುತ್ತಾರೆ. ಒಳಗೆ ಹೋಗಬೇಕಾದರೆ ನೆತ್ತಿಯಿಂದ ಹಿಮ್ಮಡಿಯವರೆಗೆ ಬಿಳಿ ಅಂಗಿ ತೊಡಬೇಕು, ಮುಡಿದ ಹೂ ತೆಗೆದಿಡಬೇಕು, ಹಣೆಯ ಕುಂಕುಮ ಒರೆಸಿಕೊಳ್ಳಬೇಕು, ಪೌಡರ್ ಹಚ್ಚಿಕೊಂಡು ಬಂದವರು ಮುಖ ತೊಳೆದು ಬರಬೇಕು. ಒಂದು ಕಣ ಧೂಳು ಬಿದ್ದರೂ ಮಾಲು ಕೆಟ್ಟಿತೆಂದೇ ಲೆಕ್ಕ. ಅಂಗಿ ಕೊಡುವ ಕೋಣೆಯ ರೇಣುಕಮ್ಮ ಹುಲಿಗಿಯವಳು, ತುಂಗಭದ್ರೆಯ ದಂಡೆಯಲ್ಲಿ ಹುಲಿಗೆಮ್ಮನ ಗುಡಿಯ ಗಂಟೆ ಕೇಳುತ್ತ ಬೆಳೆದವಳು. ಇಷ್ಟು ಮಡಿ ನಮ್ಮವ್ವನ ಗುಡಿಯಲ್ಲೂ ಇಲ್ಲ ಎಂದು ಅವಳು ದಿನಕ್ಕೊಮ್ಮೆಯಾದರೂ ಹೇಳದೆ ಬಿಡುತ್ತಿರಲಿಲ್ಲ.

ಅಲ್ಲಿ ನಡೆಯುವ ಕೆಲಸ ಕೇಳಲು ಸರಳ. ಹೊರದೇಶದಿಂದ ಕನ್ನಡಿಯಂಥ ದುಂಡನೆಯ ಬಿಲ್ಲೆಗಳು ಬರುತ್ತವೆ. ವೇಫರ್ ಎಂದು ಅವುಗಳ ಹೆಸರು. ಒಂದೊಂದರ ಮೈಮೇಲೂ ಸಾವಿರಾರು ಚಿಪ್‌ಗಳು ಮೊದಲೇ ಮೂಡಿರುತ್ತವೆ. ಇಲ್ಲಿ ಅದರ ಬೆನ್ನು ಉಜ್ಜಿ ತೆಳ್ಳಗೆ ಮಾಡಿ, ಕತ್ತರಿಸಿ, ಕಪ್ಪು ಕವಚದಲ್ಲಿ ಮುಚ್ಚಿ ಕಳಿಸುತ್ತಾರೆ. ತೆಳ್ಳಗೆ ಎಂದರೆ ನೂರು ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಒಂದೂವರೆ ತಲೆಗೂದಲಿನಷ್ಟು. ಎರಡು ಮೈಕ್ರಾನ್ ಅತ್ತಿತ್ತ ಆದರೆ ನಡೆಯುತ್ತದೆ, ಮೂರಾದರೆ ಇಲ್ಲ. ದಪ್ಪ ಉಳಿದ ಚಿಪ್ ಒಳಗೊಳಗೇ ಬಿಸಿಯಾಗುತ್ತದೆ. ವರ್ಷವೋ ಎರಡು ವರ್ಷವೋ ತಡೆದುಕೊಂಡು, ಒಂದು ದಿನ ಯಾರಿಗೂ ಹೇಳದೆ ನಿಂತುಬಿಡುತ್ತದೆ. ಆ ವರ್ಷ ಕಂಪನಿ ಮಾಡುತ್ತಿದ್ದ ಚಿಪ್, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಉಸಿರು ಕೊಡುವ ಯಂತ್ರಕ್ಕೆ ಹೋಗುತ್ತಿತ್ತು. ಕ್ಯಾಂಟೀನಿನ ಗೋಡೆಯ ಮೇಲೆ, ಮೂಗಿಗೆ ನಳಿಗೆ ಹಾಕಿಕೊಂಡು ಮುಷ್ಟಿ ಬಿಗಿದು ಮಲಗಿದ ಒಂದು ಕೂಸಿನ ಫೋಟೋ ಹಚ್ಚಿದ್ದರು. ಅದನ್ನು ನೋಡುತ್ತಲೇ ಎಲ್ಲರೂ ಊಟ ಮಾಡುತ್ತಿದ್ದರು.

ಈ ದಪ್ಪ ತೆಳುವನ್ನು ಅಳೆಯುವ ವಿಭಾಗಕ್ಕೆ ಅಳತೆ ಮನೆ ಎಂದು ಹೆಸರು ಬಿದ್ದಿತ್ತು. ಹನ್ನೆರಡು ಮಂದಿ ಹೆಣ್ಣುಮಕ್ಕಳು, ಅವರಿಗೆ ಹಿರಿಯಳು ಯಲಬುರ್ಗಾದ ಅಮೃತಾ. ಡಿಪ್ಲೊಮಾ ಮುಗಿಸಿ ಬಂದು ಆರು ವರ್ಷವಾಗಿತ್ತು. ಅವಳ ಅಪ್ಪ ಮುದುಕಪ್ಪ ಕಣದಲ್ಲಿ ರಾಶಿ ಅಳೆಯುವುದರಲ್ಲಿ ಹೆಸರಾದವನು. ಕೊಳಗದ ಬಾಯಿ ನೇವರಿಸುವ ಅವನ ಅಂಗೈ ಕಾಳಿನಷ್ಟೂ ಅತ್ತಿತ್ತ ಆಗದು ಎಂದು ಕೊಡುವವರೂ ಒಯ್ಯುವವರೂ ಒಪ್ಪುತ್ತಿದ್ದರು. ಮಗಳಿಗೆ ಆ ಅಂಗೈ ಬಂದಿದೆ ಎಂದು ಮಂದಿ ಹೇಳಿದರೆ ಅಮೃತಾ ಒಳಗೊಳಗೇ ಹಿಗ್ಗುತ್ತಿದ್ದಳು. ಹಿಗ್ಗಲಿ ಬಿಡಿ, ಹಿಗ್ಗಲು ಅವಳಿಗೆ ಬೇರೆ ಏನಿತ್ತು.

ಅಳತೆ ಮನೆಯ ಬೀಗದ ಕಪಾಟಿನಲ್ಲಿ ಒಂದು ವೇಫರ್ ಇತ್ತು. ಅದನ್ನು ಕತ್ತರಿಸುವಂತಿಲ್ಲ, ಮಾರುವಂತಿಲ್ಲ. ಸರಿಯಾಗಿ ನೂರು ಮೈಕ್ರಾನ್ ಎಂದು ಹೊರದೇಶದವರು ಮುದ್ರೆ ಒತ್ತಿ ಕಳಿಸಿದ ಮಾದರಿ ಅದು. ದಿನಾ ಬೆಳಿಗ್ಗೆ ಮೊದಲು ಅದನ್ನು ಅಳತೆ ಯಂತ್ರದ ಕಲ್ಲಿನ ಪೀಠದ ಮೇಲೆ ಮಲಗಿಸಬೇಕು. ಯಂತ್ರ ಮೇಲಿನಿಂದ ಬೆಳಕು ಬಿಟ್ಟು, ಪೀಠದಿಂದ ಅದರ ಮೈ ಎಷ್ಟು ಎತ್ತರವಿದೆ ಎಂದು ನೋಡುತ್ತದೆ, ಅದನ್ನೇ ನೂರು ಎಂದು ಒಪ್ಪಿಕೊಂಡು ತನ್ನನ್ನು ತಾನು ತಿದ್ದಿಕೊಳ್ಳುತ್ತದೆ. ಆಮೇಲೆ ಆ ದಿನ ಬಂದ ಎಲ್ಲ ವೇಫರುಗಳೂ ಅದಕ್ಕೆ ಸರಿಯಾಗಿ ಉಜ್ಜಿಸಿಕೊಳ್ಳಬೇಕು. ಹುಡುಗಿಯರು ಆ ಮಾದರಿಗೆ ಆಯಿ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಅಜ್ಜಿ ಹೇಳಿದ್ದೇ ಮಾತು ಅಲ್ಲವೇ, ಹಾಗೆ. ಆಯಿಯ ಕಪಾಟಿನ ಕೀಲಿ ಅಮೃತಾಳ ಕೈಯಲ್ಲಿ ಇರುತ್ತಿತ್ತು.

ಮಹಾನವಮಿ ಬಂತು. ನಮ್ಮ ಕಡೆ ಅವತ್ತು ಖಂಡೆಪೂಜೆ. ಕುಡುಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲದಕ್ಕೂ ಕುಂಕುಮ ಬೀಳಲೇಬೇಕು. ಮುದುಕಪ್ಪನ ಮನೆಯಲ್ಲಿ ಕೊಳಗ, ಸೇರು, ತಕ್ಕಡಿ ಎಲ್ಲ ಜಗಲಿ ಏರುತ್ತಿದ್ದವು. ಆದರೆ ಕಂಪನಿಯಲ್ಲಿ ಪೂಜೆ ಎಂದರೆ ಗೇಟಿನ ಹೊರಗೆ ಬಸ್ಸಿಗೊಂದು ಕಾಯಿ ಒಡೆಯುವುದಷ್ಟೇ. ಆ ಮಧ್ಯಾಹ್ನ ಯಂತ್ರಗಳನ್ನೆಲ್ಲ ನಿಲ್ಲಿಸಿ ಹೊರಡುವ ಹೊತ್ತಿಗೆ ರೇಣುಕಮ್ಮ ಅಂಗಿ ಕೋಣೆಯಲ್ಲಿ ಸಣ್ಣ ಭರಣಿ ಹಿಡಿದು ಕಾಯುತ್ತಿದ್ದಳು. ಹುಲಿಗೆಮ್ಮನ ಪಾದಕ್ಕೆ ಮುಟ್ಟಿಸಿ ತಂದು ಎಣ್ಣೆಯಲ್ಲಿ ಕಲಸಿದ ಕುಂಕುಮ.

ಆರು ವರ್ಷದಿಂದ ಇಲ್ಲ ಎನ್ನುತ್ತ ಬಂದಿದ್ದ ಅಮೃತಾ ಆ ಸಲವೂ ಇಲ್ಲವೆಂದಳು. ಆದರೆ ಆ ವರ್ಷ ಅಳತೆ ಮನೆಯ ಮೇಲೆ ಒಂದು ಕರಿ ನೆರಳಿತ್ತು. ಮೇಲಿನ ಆಫೀಸಿನವರು ಹೊಸ ಸಾಫ್ಟ್‌ವೇರ್ ತಂದು ಹಾಕಿದ್ದರು. ಅದು ವೇಫರನ್ನು ಮುಟ್ಟುತ್ತಲೇ ಇರಲಿಲ್ಲ. ಉಜ್ಜುವ ಯಂತ್ರದ ಸದ್ದು, ಕಾವು, ಮೋಟರ್ ಎಳೆಯುವ ಕರೆಂಟು, ಇಷ್ಟು ನೋಡಿ ದಪ್ಪ ಎಷ್ಟೆಂದು ತಾನೇ ಹೇಳುತ್ತಿತ್ತು. ಮುಂದೆ ಅಳತೆಯೆಂದರೆ ಇದೇ, ಒಂದೊಂದನ್ನೂ ಎತ್ತಿಟ್ಟು ಅಳೆಯುವ ಕಾಲ ಮುಗಿಯಿತು ಎಂದು ದೊಡ್ಡವರು ಭಾಷಣ ಮಾಡಿ ಹೋಗಿದ್ದರು. ಹುಡುಗಿಯರು ಅದಕ್ಕೆ ಅಂದಾಜಪ್ಪ ಎಂದು ಹೆಸರಿಟ್ಟು ನಗಾಡಿದರೂ ಹನ್ನೆರಡು ಮಂದಿಗೂ ಕೆಲಸ ಹೋಗುವ ಭಯವಿತ್ತು. ಪೂಜೆ ತಪ್ಪಿಸಿ ತಪ್ಪಿಸಿಯೇ ಇದು ಬಂತೇನೋ ಎಂದು ಕುಷ್ಟಗಿಯ ದೀಪಿಕಾ ಮೆಲ್ಲಗೆ ಅಂದಳು. ಅವಳು ಆಗ ಮೂರು ತಿಂಗಳ ಬಸುರಿ, ಎಲ್ಲರಿಗೂ ಅವಳ ಮಾತೆಂದರೆ ಸ್ವಲ್ಪ ಅಳುಕು.

"ದುಡಿದು ಹಾಕೋ ಅಳತಿಗೆ ಒಂದ ಬೊಟ್ಟು ಕುಂಕುಮ ಇಲ್ಲಂದ್ರ ಹೆಂಗವ್ವಾ? ನಿಮ್ಮಪ್ಪ ಕೊಳಗಕ್ಕ ಹಚ್ಚದ ರಾಶಿ ಅಳದಾನೇನು?" ಅಂದಳು ರೇಣುಕಮ್ಮ. "ಮಕಕ್ಕ ಹಚ್ಚಬ್ಯಾಡ, ಬೆನ್ನಿಗೆ ಹಚ್ಚು. ಬೆನ್ನಿಗೇನಾಗತೈತಿ?"

ಅಪ್ಪನ ಹೆಸರು ಬಂದ ಮೇಲೆ ಅಮೃತಾ ಸೋತಳು. ಕಪಾಟು ತೆಗೆದು, ಆಯಿಯನ್ನು ಡಬ್ಬಿಯ ಸಮೇತ ಅಂಗಿ ಕೋಣೆಗೆ ತಂದಳು. ಬೇರೆ ಯಾರ ಕೈಗೂ ಕೊಡದೆ ತಾನೇ ತಿರುಗಿಸಿ ಹಿಡಿದು, ಬೆನ್ನಿನ ಅಂಚಿಗೆ ಎಳ್ಳಿನಷ್ಟು ಬೊಟ್ಟು ಇಟ್ಟಳು. ಎಲ್ಲರೂ ಕೈ ಮುಗಿದರು. ಐದು ನಿಮಿಷ ಬಿಟ್ಟು ಸ್ಪಿರಿಟ್ ಬಟ್ಟೆಯಿಂದ ಅದನ್ನು ಒರೆಸಿ, ದೀಪಕ್ಕೆ ಹಿಡಿದು ನೋಡಿ, ಏನೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಒಳಗಿಟ್ಟಳು. ಕಣ್ಣಿಗೆ ಕಾಣುವಂಥದ್ದು ನಿಜವಾಗಿಯೂ ಏನೂ ಉಳಿದಿರಲಿಲ್ಲ. ಕಣ್ಣಿಗೆ ಕಾಣದ್ದನ್ನು ಅಳೆದೇ ಹೊಟ್ಟೆ ಹೊರೆಯುವವಳು ಅವತ್ತು ಕಣ್ಣನ್ನು ನಂಬಿದಳು.

ಎರಡು ದಿನದ ರಜೆ ಮುಗಿಸಿ ಬಂದ ಬೆಳಿಗ್ಗೆ ಆಯಿಯನ್ನು ಪೀಠದ ಮೇಲೆ ಮಲಗಿಸಿದಾಗ ಯಂತ್ರ ನೂರಾ ಮೂರು ಎಂದು ತೋರಿಸಿತು, ತಾನೇ ಮೂರು ಕಳೆದುಕೊಂಡು ನೂರಕ್ಕೆ ಬಂದು ನಿಂತಿತು. ರಜೆಯಲ್ಲಿ ಎಸಿ ಇಳಿಸಿರುತ್ತಾರೆ, ಯಂತ್ರ ಸ್ವಲ್ಪ ಅಲುಗಿದೆ ಎಂದುಕೊಂಡಳು ಅಮೃತಾ. ಅಂಥದ್ದು ಹಿಂದೆಯೂ ಆಗಿತ್ತು. ಮೊದಲ ವೇಫರ್ ಅಳೆದರೆ ತೊಂಬತ್ತೇಳು. ಎರಡನೆಯದೂ ತೊಂಬತ್ತೇಳು. ತೀರ ತೆಳುವಾಗಿದೆ ಎಂದು ಎಂಟು ವೇಫರುಗಳನ್ನು ತೆಗೆದು ಹಾಕಿಸಿದಳು. ಅಂದಾಜಪ್ಪ ಮಾತ್ರ ಪರದೆಯ ಮೇಲೆ ಕೆಂಪು ಗೆರೆ ಎಳೆದು, ತನ್ನ ಲೆಕ್ಕದಲ್ಲಿ ಇವು ನೂರು ಮೈಕ್ರಾನೇ ಇವೆ, ಯಾವುದು ಸರಿ, ಅಳತೆಯೋ ಅಂದಾಜೋ ಎಂದು ಕೇಳಿತು. ಹುಡುಗಿಯರೆಲ್ಲ ನಕ್ಕರು. ಆಯಿಗಿಂತ ಇವನಿಗೆ ಹೆಚ್ಚು ಗೊತ್ತೇ? ಅಮೃತಾ ಅಳತೆಯೇ ಸರಿ ಎಂದು ಗುಂಡಿ ಒತ್ತಿದಳು. ಇನ್ನು ಮುಂದೆ ಮೂರು ಮೈಕ್ರಾನ್ ಹೆಚ್ಚಿಗೆ ಬಿಡಿ ಎಂದು ಉಜ್ಜುವ ಯಂತ್ರದವರಿಗೆ ಚೀಟಿ ಹೋಯಿತು. ಮರುದಿನವೂ ಕೆಂಪು ಗೆರೆ ಬಂತು, ಅವಳು ಮತ್ತೆ ಒತ್ತಿದಳು. ಮೂರನೆಯ ದಿನಕ್ಕೆ ಅಂದಾಜಪ್ಪ ತನ್ನನ್ನು ತಿದ್ದಿಕೊಂಡು ಆಯಿಯ ಮಾತಿಗೆ ಹೂಂ ಅನ್ನತೊಡಗಿದ. ಬುದ್ಧಿ ಬಂತು ನೋಡು ಎಂದು ದೀಪಿಕಾ ಚಪ್ಪಾಳೆ ತಟ್ಟಿದಳು.

ಒಂಬತ್ತು ದಿನ ಹೀಗೆ ನಡೆಯಿತು. ಹತ್ತನೆಯ ಬೆಳಿಗ್ಗೆ, ಉಳಿದವರು ಬರುವ ಮೊದಲೇ, ಪೀಠ ಒರೆಸುವಾಗ ಅಮೃತಾಳ ಬಿಳಿ ಬಟ್ಟೆಗೆ ಗುಲಾಬಿ ಬಣ್ಣದ ಒಂದು ಎಳೆ ಅಂಟಿತು. ಅದನ್ನು ದೀಪಕ್ಕೆ ಹಿಡಿದು ನೋಡಿದಳು. ಆಮೇಲೆ ಆಯಿಯನ್ನು ತಿರುಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಒರೆಸಿದಾಗ ಹೋಗದೆ ಎಣ್ಣೆಯ ಜೊತೆ ಹರಡಿಕೊಂಡ ಕುಂಕುಮ, ಬೆನ್ನಿನ ಅಂಚಿಗೆ ತೆಳ್ಳನೆ ಪೊರೆಯಾಗಿ ಕೂತಿತ್ತು. ಅದರ ದಪ್ಪ ಅಳೆಯಲು ಅವಳ ಕೈ ಒಲ್ಲೆನ್ನುತ್ತಿತ್ತು, ಆದರೂ ಅಳೆದಳು. ಮೂರು ಮೈಕ್ರಾನ್.

ಎಸೆದ ಎಂಟು ವೇಫರುಗಳು ಒಳ್ಳೆಯವಾಗಿದ್ದವು. ಒಳ್ಳೆಯವೆಂದು ಮುದ್ರೆ ಒತ್ತಿ ಕಳಿಸಿದ ಇನ್ನೂರಾ ಹದಿನಾರು ಕೆಟ್ಟವು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಅಳತೆಯೇ ತಪ್ಪಿದರೆ ಆ ತಪ್ಪನ್ನು ಅಳೆಯಲು ಜಗತ್ತಿನಲ್ಲಿ ಇನ್ನೊಂದು ಕೋಲಿಲ್ಲ. ಅಮೃತಾ ಅಲ್ಲೇ ನೆಲಕ್ಕೆ ಕೂತಳು. ಕ್ಯಾಂಟೀನಿನ ಗೋಡೆಯ ಕೂಸು ಕಣ್ಣೆದುರು ಬಂತು.

ಬಚ್ಚಿಡುವ ಯೋಚನೆ ಅವಳಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ಪಿರಿಟ್ಟಿನಲ್ಲಿ ಇನ್ನೊಮ್ಮೆ ತೊಳೆದರೆ ಮುಗಿಯಿತು, ಯಾರಿಗೂ ತಿಳಿಯದು. ಅರ್ಧ ಗಂಟೆ ಅವಳು ಆ ಯೋಚನೆಯೊಡನೆ ಕೂತಳು. ಆಮೇಲೆ ಎದ್ದು ವಿಭಾಗದ ಮುಖ್ಯಸ್ಥ ಅಬ್ದುಲರೌಫರ ಹತ್ತಿರ ಹೋಗಿ, ರೇಣುಕಮ್ಮನ ಹೆಸರೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದಳು. ಕುಂಕುಮ ತಾನೇ ತಂದದ್ದು, ತಾನೇ ಹಚ್ಚಿದ್ದು, ತಾನೇ ಗುಂಡಿ ಒತ್ತಿದ್ದು. ತನ್ನನ್ನು ಕೆಲಸದಿಂದ ತೆಗೆಯಲಿ, ಮಾಲು ಮಾತ್ರ ನಿಲ್ಲಿಸಲಿ.

ಅಬ್ದುಲರೌಫ ಗಂಗಾವತಿಯವರು, ಮೆತ್ತನೆಯ ಮನುಷ್ಯ. ಬಯ್ಯಲಿಲ್ಲ. ಕಳಿಸಿದ ಮಾಲಿನ ಲೆಕ್ಕ ತೆಗೆದು ನೋಡಿದರು. ಮೊದಲ ನಾಲ್ಕು ದಿನದ ಮಾಲು ಆಗಲೇ ಯಂತ್ರ ಜೋಡಿಸುವವರ ಕೈಗೆ, ಚೆನ್ನೈಗೆ ಹೋಗಿತ್ತು, ಉಳಿದದ್ದು ಕಪ್ಪು ಕವಚ ಸೇರಿ ಗೋದಾಮಿನಲ್ಲಿತ್ತು. ಹತ್ತು ಚಿಪ್ ಒಡೆದು ಅಳೆಯೋಣ, ನಾನು ಹೇಳಿದ್ದು ನಿಜವೋ ಸುಳ್ಳೋ ಗೊತ್ತಾಗುತ್ತದೆ ಎಂದು ಅಮೃತಾ ಅಂಗಲಾಚಿದಳು. ಮುದ್ರೆ ಬಿದ್ದ ಮಾಲು ಒಡೆಯಲು ಮೇಲಿನ ಆಫೀಸಿನ ಒಪ್ಪಿಗೆ ಬೇಕಿತ್ತು. ರೌಫ ಸಾಹೇಬರು ಅವತ್ತೇ ಬರೆದರು. ಒಪ್ಪಿಗೆ ಬಂದದ್ದು ಹನ್ನೊಂದು ದಿನದ ಮೇಲೆ. ಅಷ್ಟರಲ್ಲಿ ಗೋದಾಮು ಖಾಲಿಯಾಗಿತ್ತು. ಕಳಿಸುವ ತಾರೀಖು ಮೊದಲೇ ಗೊತ್ತಾಗಿತ್ತಂತೆ, ಅದನ್ನು ತಪ್ಪಿಸಲು ಬೇರೆ ಒಪ್ಪಿಗೆ ಬೇಕಂತೆ.

ಮರುವಾರ ಮೇಲಿನ ಆಫೀಸಿನವರ ಕೂಡ ವಿಡಿಯೋದಲ್ಲಿ ಮಾತುಕತೆ ನಡೆಯಿತು. ಪರದೆಯ ಮೇಲೆ ಐದು ಮುಖಗಳು. ಒಬ್ಬರೂ ದನಿ ಏರಿಸಲಿಲ್ಲ. ಕಾಗದದ ಮೇಲೆ ಎಲ್ಲ ವೇಫರುಗಳೂ ನೂರು ಮೈಕ್ರಾನ್ ಇವೆ, ಅದಕ್ಕೆ ನಿಮ್ಮದೇ ಸಹಿ ಇದೆ, ಈಗ ಬಾಯಿಮಾತಿನಲ್ಲಿ ನೂರಾ ಮೂರು ಎಂದರೆ ಹೇಗೆ ನಂಬುವುದು ಎಂದು ಒಂದು ಮುಖ ಕೇಳಿತು. ಮೂರು ಮೈಕ್ರಾನಿಗೆ ಅಂಥದ್ದೇನೂ ಆಗಲಿಕ್ಕಿಲ್ಲ, ಪರಿಶೀಲಿಸುತ್ತೇವೆ ಎಂದು ಇನ್ನೊಂದು ಮುಖ ಸಮಾಧಾನ ಹೇಳಿತು. ಮೂರನೆಯ ಮುಖಕ್ಕೆ ಮಾತ್ರ ಉತ್ಸಾಹ ಬಂದಿತ್ತು. ಮೊದಲ ದಿನ ಸಾಫ್ಟ್‌ವೇರ್ ಸರಿಯಾಗಿಯೇ ಹೇಳಿತ್ತಲ್ಲ, ಮುಟ್ಟಿ ಅಳೆದವರು ತಪ್ಪಿದರು, ಮುಟ್ಟದೆ ಹೇಳಿದ್ದೇ ನಿಜವಾಯಿತು, ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು ಎಂದಿತು. ಆ ಸಾಫ್ಟ್‌ವೇರೇ ಮೂರನೆಯ ದಿನಕ್ಕೆ ನನ್ನ ಸುಳ್ಳನ್ನು ಕಲಿತುಬಿಟ್ಟಿತು, ಅದಕ್ಕೆ ನಿಜ ಹೇಳಿಕೊಡಲು ಒಂದು ಸರಿಯಾದ ಅಳತೆ ಯಾವಾಗಲೂ ಬೇಕೇ ಬೇಕು ಎಂದು ಅಮೃತಾ ಹೇಳಹೊರಟಳು. ಅಷ್ಟರಲ್ಲಿ ಸಮಯ ಮುಗಿದು ಮುಖಗಳು ಒಂದೊಂದಾಗಿ ಆರಿದವು.

ಡಿಸೆಂಬರ್ ಕೊನೆಗೆ ಅಳತೆ ಮನೆ ಮುಚ್ಚುವುದೆಂದು ಆದೇಶ ಬಂತು. ಕೊಡಲಿಯ ಕಾವು ಕುಲಕ್ಕೆ ಮೂಲ ಅನ್ನುತ್ತಾರಲ್ಲ, ಆ ಕಾವು ತಾನೇ ಎಂದು ಅಮೃತಾಳಿಗೆ ತಿಳಿಯಿತು. ರೌಫರ ಕೋಣೆಗೆ ಹೋಗಿ, ಕೂರದೆ ನಿಂತೇ ಕೇಳಿದಳು.

"ಸರ್, ಅಳತಿ ಮನಿ ಮುಚ್ಚಾಕ ನಾ ಹೇಳಿದ್ದು ಖರೇ ಆತು. ಮಾಲು ವಾಪಸ್ ತರಿಸಾಕ ಅದ ಮಾತು ಸುಳ್ಳಾತು. ಇದು ಹೆಂಗ್ರಿ?"

ರೌಫ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಂಗೂ ತಿಳಿವಲ್ದು ಅಮೃತಾ. ತಿಳದ್ರೂ ನನ್ನ ಕೈಯಾಗ ಏನೂ ಇಲ್ಲ."

ಅವಳು ಸುಮ್ಮನಾಗಲಿಲ್ಲ. ಮಾಲು ತುಂಬುವ ಡಬ್ಬಿಗಳ ಮೇಲೆ ಇರುವ ದೂರಿನ ನಂಬರಿಗೆ ಊಟದ ಬಿಡುವಿನಲ್ಲಿ ಫೋನ್ ಮಾಡಿದಳು. ಮಾಲಿನ ನಂಬರ್, ತಾರೀಖು, ದಪ್ಪ ಎಲ್ಲ ಹೇಳಿದಳು. ಅತ್ತ ಕಡೆಯ ಹುಡುಗಿ ಸಾವಧಾನದಿಂದ ಕೇಳಿ ಬರೆದುಕೊಂಡು, ಸಂಬಂಧಪಟ್ಟವರಿಗೆ ಕಳಿಸಿ ನಾಲ್ಕು ದಿನದಲ್ಲಿ ಉತ್ತರ ಕೊಡಿಸುತ್ತೇನೆ ಎಂದಳು. ಆ ನಾಲ್ಕು ದಿನ ಅಮೃತಾ ಸ್ವಲ್ಪ ನಿದ್ದೆ ಮಾಡಿದಳು, ಮನೆಯಲ್ಲಿ ಅವ್ವನ ಕೂಡ ಎರಡು ಮಾತಾಡಿದಳು. ಐದನೆಯ ದಿನ ಕಂಪ್ಯೂಟರ್ ತೆರೆದರೆ ಅವಳ ಹೆಸರಿಗೇ ಒಂದು ದೂರು ಬಂದು ಕೂತಿತ್ತು. ಅವಳು ಬರೆಸಿದ ದೂರೇ ಅದು. ಆ ಮಾಲನ್ನು ಅಳೆದವರು ಯಾರೋ ಅವರೇ ಪರಿಶೀಲಿಸಿ ಉತ್ತರಿಸಬೇಕೆಂಬ ನಿಯಮದ ಪ್ರಕಾರ ಚೆನ್ನೈಗೆ ಹೋಗಿ, ಇನ್ನೆಲ್ಲಿಗೋ ಹೋಗಿ, ತಿರುಗಿ ಅವಳ ಬಾಗಿಲಿಗೇ ಬಂದಿತ್ತು. ಮಾಲು ಕೆಟ್ಟಿದೆ ಎಂದು ಅವಳು ಉತ್ತರ ಬರೆದಳು. ಪುರಾವೆ ಲಗತ್ತಿಸಿ ಎಂದು ಕಂಪ್ಯೂಟರ್ ಕೇಳಿತು. ಆಯಿಯ ಬೆನ್ನನ್ನು ಅಂದೇ ತೊಳೆದಾಗಿತ್ತು, ಉಳಿದ ಪುರಾವೆಯೆಲ್ಲ ಕಪ್ಪು ಕವಚದೊಳಗೆ ಸೇರಿ ಊರೂರಿಗೆ ಹೋಗಿತ್ತು. ಲಗತ್ತಿಲ್ಲದ ದೂರು ಮೂರು ದಿನ ಕಾದು ತಾನೇ ಮುಚ್ಚಿಕೊಂಡಿತು.

ಅದಾದ ಮೇಲೆ ರೌಫ ಸಾಹೇಬರು ಅವಳನ್ನು ಕರೆಸಿ ಒಂದು ಕಾಗದ ಮುಂದಿಟ್ಟರು. ನಡೆದದ್ದನ್ನು ಹೊರಗೆ ಯಾರಿಗೂ, ಜೊತೆಗಾರರಿಗೂ ಹೇಳುವುದಿಲ್ಲವೆಂದು ಸಹಿ ಮಾಡಬೇಕು. ಮಾಡಿದರೆ ಉಳಿದ ಹನ್ನೊಂದು ಹುಡುಗಿಯರಿಗೆ ಪ್ಯಾಕಿಂಗ್ ವಿಭಾಗದಲ್ಲಿ ಜಾಗ, ಇಲ್ಲದಿದ್ದರೆ ಅವರೂ ಮನೆಗೆ. ಇದನ್ನು ಹೇಳುವಾಗ ಅವರು ಅವಳ ಮುಖ ನೋಡಲಿಲ್ಲ. ಅಮೃತಾ ಹನ್ನೊಂದು ಮನೆಗಳನ್ನು ಒಂದೊಂದಾಗಿ ನೆನೆದಳು. ಗಂಡ ಬಿಟ್ಟವಳಿದ್ದಳು, ತಮ್ಮನನ್ನು ಓದಿಸುತ್ತಿದ್ದವಳಿದ್ದಳು, ದೀಪಿಕಾ ಇದ್ದಳು. ಆ ಕಡೆ ತಕ್ಕಡಿಯಲ್ಲಿ ಹೆಸರಿಲ್ಲದ, ಇನ್ನೂ ಹುಟ್ಟದ ಕೂಸುಗಳು. ಅಪ್ಪನಾಗಿದ್ದರೆ ಹೇಗೆ ತೂಗುತ್ತಿದ್ದನೋ ಅವಳಿಗೆ ತಿಳಿಯಲಿಲ್ಲ. ಸಹಿ ಮಾಡಿದಳು. ಮಾಡಿ ಹೊರಗೆ ಬಂದು, ಅಂಗಿ ಕೋಣೆಯಲ್ಲಿ ಬಿಳಿ ಅಂಗಿ ಕಳಚಿಕೊಡುವಾಗ ಬಿಕ್ಕಿ ಬಿಕ್ಕಿ ಅತ್ತಳು. ಕೆಲಸ ಹೋದದ್ದಕ್ಕೆ ಅಳುತ್ತಾಳೆ ಎಂದುಕೊಂಡ ರೇಣುಕಮ್ಮ ಅವಳ ಬೆನ್ನು ಸವರಿ, ಹುಲಿಗೆಮ್ಮ ಕಣ್ಣು ಬಿಡುತ್ತಾಳೆ, ಪೂಜೆಯಂತೂ ಈ ಸಲ ತಪ್ಪಿಸಿಲ್ಲ ಎಂದು ಸಮಾಧಾನ ಹೇಳಿದಳು.

ಸಂಕ್ರಮಣ ಕಳೆದ ಮೇಲೆ ಒಂದು ಶುಕ್ರವಾರ ಕುಷ್ಟಗಿಯಲ್ಲಿ ದೀಪಿಕಾಳಿಗೆ ಕುಬಸ ಇಟ್ಟುಕೊಂಡರು. ಏಳು ತಿಂಗಳ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಉಡಿ ತುಂಬುವ ಕಾರ್ಯ. ಅಳತೆ ಮನೆಯವರೆಲ್ಲ ಬರಲೇಬೇಕೆಂದು ದೀಪಿಕಾ ಹಟ ಹಿಡಿದಿದ್ದಳು. ಯಲಬುರ್ಗಾದಿಂದ ಬಸ್ಸು ಹಿಡಿದು ಅಮೃತಾ ಹೋದಳು. ಹೋಗದಿದ್ದರೆ ಯಾಕೆಂದು ಕೇಳುತ್ತಾರೆ, ಕೇಳಿದರೆ ಹೇಳುವಂತಿಲ್ಲ. ದೀಪಿಕಾಳ ಕಾಲು ಬಾತಿದ್ದವು, ಮುಖ ಸೊರಗಿತ್ತು, ಕಣ್ಣು ಮಾತ್ರ ನಗುತ್ತಿದ್ದವು. ಹೆಂಗಸರು ಸಾಲಾಗಿ ಬಂದು ಅರಿಷಿಣ ಕುಂಕುಮ ಹಚ್ಚಿ, ಉಡಿಗೆ ಅಕ್ಕಿ ಹಾಕಿ ಹೋಗುತ್ತಿದ್ದರು. ಅಮೃತಾಳ ಸರದಿ ಬಂದಾಗ ದೀಪಿಕಾ ಅವಳ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ಡಾಕ್ಟ್ರು ಅಂದಾರಕ್ಕಾ, ಬಿಪಿ ಭಾಳ ಐತಿ, ದಿನಾ ತುಂಬೂಕಿಂತ ಮೊದ್ಲ ಕೂಸು ತೆಗೀಬೇಕಾಗಬಹುದು ಅಂತ. ಮನ್ಯಾಗ ಎಲ್ಲಾರೂ ಅಂಜ್ಯಾರ. ನಾ ಅಂಜಿಲ್ಲ ನೋಡ್ರಿ. ಆ ದವಾಖಾನಿಗೆ ಹೊಸಾ ಉಸಿರಿನ ಮಷೀನ್ ಬಂದಾವಂತ. ಅದರಾಗ ಇರೋದು ನಾವ ಅಳದಿದ್ದ ಚಿಪ್ ಅಲ್ಲೇನು?"

ಅಮೃತಾಳ ಬಾಯಿ ತೆರೆಯಿತು. ಸಹಿ ಮಾಡಿದ ಕಾಗದ ಅವಳನ್ನು ತಡೆಯಲಿಲ್ಲ. ಹರಿದು ಹಾಕಬಹುದಾದ ಕಾಗದ ಅದು. ತಡೆದದ್ದು ಇನ್ನೊಂದು. ಹೇಳಿದರೆ ಇವಳೇನು ಮಾಡಿಯಾಳು? ಇನ್ನೊಂದು ಯಂತ್ರ ಎಲ್ಲಿಂದ ತಂದಾಳು? ಆ ಯಂತ್ರದಲ್ಲಿರುವುದು ಆ ಒಂಬತ್ತು ದಿನದ ಚಿಪ್ಪೋ, ಅದರ ಹಿಂದಿನ ಒಳ್ಳೆಯದೋ, ಕವಚದ ಮೇಲಿನಿಂದ ಯಾರು ಹೇಳಬಲ್ಲರು? ಈ ವರ್ಷ ನಿಲ್ಲುತ್ತದೋ, ಎರಡು ವರ್ಷದ ಮೇಲೋ, ನಿಲ್ಲುವುದೇ ಇಲ್ಲವೋ? ತಲೆಗೂದಲಿನ ಇಪ್ಪತ್ತನೆಯ ಪಾಲು ಅಳೆಯುತ್ತಿದ್ದವಳಿಗೆ ಇದೊಂದನ್ನು ಅಳೆಯುವ ದಾರಿ ಯಾವುದೂ ಉಳಿದಿರಲಿಲ್ಲ.

ಹೌದೆಂದು ತಲೆಯಾಡಿಸಿದಳು. ತಟ್ಟೆಯಲ್ಲಿದ್ದ ಕುಂಕುಮಕ್ಕೆ, ಖಂಡೆಪೂಜೆಯ ದಿನ ಅದ್ದಿದ ಅದೇ ಬೆರಳು ಅದ್ದಿ ದೀಪಿಕಾಳ ಹಣೆಗೆ ಹಚ್ಚಿದಳು. ಬೊಟ್ಟು ಓರೆಯಾಯಿತು. ಸೆರಗಿನ ತುದಿ ಹಿಡಿದು ಒರೆಸಲು ಹೋದಾಗ ದೀಪಿಕಾ ಅವಳ ಕೈ ತಡೆದಳು.

"ಇರ್ಲಿ ಬಿಡ್ರಿ ಅಕ್ಕಾ," ಅಂದಳು ನಗುತ್ತ. "ಅಷ್ಟ ಓರೆ ಆದ್ರ ಏನಾಗತೈತಿ?"